ಮಣ್ಣಿನ ಬೋಗುಣಿಗೆ ಚಿನ್ನದ ಹೊಳಪು

ಪರುಷಮಣಿ ತಾಗಿದರೆ ಕಬ್ಬಿಣವೂ ಹೊನ್ನಾಗುತ್ತದೆ ಎಂಬ ಕಲ್ಪನೆ ನಮಗೆ ಹೊಸದಲ್ಲ. ಕೀಳು ಲೋಹವನ್ನು ಚಿನ್ನವಾಗಿ ಮಾರ್ಪಡಿಸುವ ಆಸೆ ಭಾರತ, ಚೀನಾ, ಗ್ರೀಸ್ ಎಲ್ಲೆಡೆಯೂ ಇತ್ತು. ಅರಬ್ಬರು ಈ ವಿದ್ಯೆಯನ್ನು ‘ಅಲ್-ಕಿಮಿಯಾ’ ಎಂದು ಕರೆದರು. ಇಂದಿನ ‘ಕೆಮಿಸ್ಟ್ರಿ’ ಎಂಬ ಪದ ಬಂದಿರುವುದು ಅದರಿಂದಲೇ. ಶತಮಾನಗಳ ಕಾಲ ಮೂಸೆ ಕಾಯಿಸಿದರೂ ಯಾವ ರಸವಾದಿಗೂ ಚಿನ್ನ ದಕ್ಕಲಿಲ್ಲ. ಆದರೆ ಅದೇ ಕಾಲದಲ್ಲಿ, ಅದೇ ನಾಡುಗಳಲ್ಲಿ, ಕುಂಬಾರರು ಚಿನ್ನದ ಒಂದು ಕಣವನ್ನೂ ಬಳಸದೆ ಮಣ್ಣಿನ ಪಾತ್ರೆಗಳು ಬಂಗಾರದಂತೆ ಹೊಳೆಯುವ ಹಾಗೆ ಮಾಡಿದರು. ‘ಲಸ್ಟರ್’ ಪಾತ್ರೆಗಳೆಂದು ಹೆಸರಾದ ಇವು ಇಂದು ಪ್ರಪಂಚದ ದೊಡ್ಡ ವಸ್ತುಸಂಗ್ರಹಾಲಯಗಳಲ್ಲಿವೆ.

ಮೊದಲು ರಸವಾದಿಗಳ ಕಡೆ ನೋಡೋಣ. ಎಂಟನೇ ಶತಮಾನದ ಜಾಬಿರ್ ಇಬ್ನ್ ಹಯ್ಯಾನ್‌ನ ಹೆಸರಿನಲ್ಲಿ ನೂರಾರು ಗ್ರಂಥಗಳಿವೆ. ಅವೆಲ್ಲ ಒಬ್ಬನೇ ಬರೆದವಲ್ಲ, ತಲೆಮಾರುಗಳ ಕಾಲ ಹಲವರು ಬರೆದು ಸೇರಿಸಿದವು ಎಂಬುದು ಅನೇಕ ವಿದ್ವಾಂಸರ ಅಭಿಪ್ರಾಯ. ಲೋಹಗಳೆಲ್ಲ ಗಂಧಕ ಮತ್ತು ಪಾದರಸಗಳ ಬೇರೆ ಬೇರೆ ಪ್ರಮಾಣದ ಕೂಡುವಿಕೆಯಿಂದ ಆಗಿವೆ, ಆ ಪ್ರಮಾಣವನ್ನು ಸರಿಪಡಿಸಿದರೆ ತಾಮ್ರವೂ ಚಿನ್ನವಾಗಬೇಕು ಎಂಬುದು ಈ ಗ್ರಂಥಗಳ ವಾದ. ಸಿದ್ಧಾಂತ ತಪ್ಪು. ಆದರೆ ಅದನ್ನು ಪರೀಕ್ಷಿಸಲು ಹೊರಟವರು ಭಟ್ಟಿ ಇಳಿಸುವುದು, ಆವಿ ಹಿಡಿಯುವುದು, ಕರಗಿಸುವುದು, ಸುಟ್ಟು ಭಸ್ಮ ಮಾಡುವುದು ಮುಂತಾದ ಕೆಲಸಗಳನ್ನು ಶಿಸ್ತಿನಿಂದ ಮಾಡಿ ಬರೆದಿಟ್ಟರು.

ಈ ಶಿಸ್ತಿಗೆ ಹೆಸರಾದವನು ಅಲ್-ರಾಝಿ (865-925). ಇಂದಿನ ಟೆಹರಾನ್ ಬಳಿಯ ರಯ್ ಎಂಬ ಊರಿನಲ್ಲಿ ಹುಟ್ಟಿದ ಈತ ವೃತ್ತಿಯಿಂದ ವೈದ್ಯ, ಆಸ್ಪತ್ರೆಯ ಮುಖ್ಯಸ್ಥ. ತನ್ನ ‘ರಹಸ್ಯಗಳ ಪುಸ್ತಕ’ದಲ್ಲಿ ಈತ ಪದಾರ್ಥಗಳನ್ನು ಖನಿಜ, ಸಸ್ಯ, ಪ್ರಾಣಿಜನ್ಯ ಎಂದು ವಿಂಗಡಿಸಿದ. ಮೂಸೆ, ಕುಲುಮೆ, ಇಕ್ಕಳ, ಭಟ್ಟಿಪಾತ್ರೆಗಳ ಪಟ್ಟಿ ಕೊಟ್ಟ. ಬೆಂಕಿಗೆ ಹಿಡಿದರೆ ಹಾರಿಹೋಗುವ ವಸ್ತುಗಳನ್ನು ‘ಚೇತನ’ಗಳೆಂದು ಕರೆದು ಪಾದರಸ, ಗಂಧಕಗಳ ಜೊತೆಗೆ ನವಸಾಗರವನ್ನೂ ಸೇರಿಸಿದ. ನಮ್ಮಲ್ಲಿ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವವರು ಕಾದ ಪಾತ್ರೆಯ ಮೇಲೆ ಉದುರಿಸಿ ಬಿಳಿ ಹೊಗೆ ಎಬ್ಬಿಸುತ್ತಿದ್ದುದು ಇದೇ ನವಸಾಗರವನ್ನು.

ಇನ್ನು ಗಾಜಿನ ಕೆಲಸಗಾರರ ಕಡೆ ಬರೋಣ. ಗಾಜಿನ ಮೇಲೆ ಬೆಳ್ಳಿ, ತಾಮ್ರದ ಸಂಯುಕ್ತಗಳನ್ನು ಬಳಿದು ಸುಟ್ಟು ಲೋಹದ ಬಣ್ಣ ಬರಿಸುವುದನ್ನು ಈಜಿಪ್ಟ್ ಮತ್ತು ಸಿರಿಯಾದವರು ಮೊದಲೇ ಕಲಿತಿದ್ದರು. ಕೈರೋದ ವಸ್ತುಸಂಗ್ರಹಾಲಯದಲ್ಲಿರುವ ಒಂದು ಗಾಜಿನ ಬಟ್ಟಲಿನ ಮೇಲೆ, 773ರಲ್ಲಿ ಈಜಿಪ್ಟಿನ ರಾಜ್ಯಪಾಲನಾಗಿದ್ದವನ ಹೆಸರಿದೆ. ಜಾಬಿರ್ ಹೆಸರಿನಲ್ಲಿರುವ ‘ಗುಪ್ತ ಮುತ್ತಿನ ಪುಸ್ತಕ’ ಎಂಬ ಕೃತಿಯಲ್ಲಿ ಗಾಜಿಗೆ ಇಂಥ ಬಣ್ಣ ಕಟ್ಟುವ ವಿಧಾನಗಳಿವೆ. ರಸವಾದಿಯ ಪುಸ್ತಕಕ್ಕೂ ಕೆಲಸಗಾರನ ಕೈಗೂ ನಡುವೆ ಬಾಗಿಲು ತೆರೆದಿತ್ತು ಎಂಬುದಕ್ಕೆ ಇದೊಂದು ಸಾಕ್ಷಿ.

ಒಂಬತ್ತನೇ ಶತಮಾನದಲ್ಲಿ ಈ ವಿದ್ಯೆ ಗಾಜಿನಿಂದ ಮಣ್ಣಿಗೆ ದಾಟಿತು. ಅದಕ್ಕೆ ಚೀನಾ ಕಾರಣ. ಚೀನಾದ ಬಿಳಿ ಪಿಂಗಾಣಿ ಆಗ ಹಡಗುಗಳಲ್ಲಿ ಇರಾಕ್‌ಗೆ ಬರುತ್ತಿತ್ತು. 1998ರಲ್ಲಿ ಇಂಡೊನೇಷ್ಯದ ಬೆಲಿಟುಂಗ್ ದ್ವೀಪದ ಬಳಿ ಪತ್ತೆಯಾದ ಅರಬ್ ಮಾದರಿಯ ಹಡಗೊಂದರಲ್ಲಿ ಸುಮಾರು 60 ಸಾವಿರ ಚೀನೀ ಪಾತ್ರೆಗಳಿದ್ದವು. ಒಂದು ಬೋಗುಣಿಯ ಮೇಲೆ 826ನೇ ಇಸವಿಗೆ ಸರಿಹೊಂದುವ ದಿನಾಂಕವಿದೆ. ಇರಾಕಿನ ಕುಂಬಾರರಿಗೆ ಚೀನಾದ ಬಿಳಿ ಜೇಡಿ ಸಿಗುತ್ತಿರಲಿಲ್ಲ. ಅವರು ಹಳದಿ ಮಣ್ಣಿನ ಪಾತ್ರೆಗೆ ತವರ ಬೆರೆಸಿದ ಗಾಜಿನ ಲೇಪ ಕೊಟ್ಟು ಬಿಳುಪು ಬರಿಸಿದರು. ಆ ಬಿಳಿ ಮೈಮೇಲೆ ಗಾಜಿನವರ ಬಣ್ಣ ಹಾಕಿದರು. ಚೀನಾದಲ್ಲಿ ಇಲ್ಲದ ಹೊಸ ವಸ್ತುವೊಂದು ಹುಟ್ಟಿತು. ಟ್ಯುನೀಷಿಯದ ಕೈರವಾನ್ ಮಸೀದಿಯ ಮಿಹ್ರಾಬ್ ಸುತ್ತ ಅಂದಿನ ಸುಮಾರು 140 ಲಸ್ಟರ್ ಹೆಂಚುಗಳು ಈಗಲೂ ಇವೆ.

ಹೊಳಪು ಬರುವುದು ಹೇಗೆ?

ಲೇಪ ಹಚ್ಚಿ ಒಮ್ಮೆ ಸುಟ್ಟ ಪಾತ್ರೆಯ ಮೇಲೆ ಬೆಳ್ಳಿ, ತಾಮ್ರದ ಸಂಯುಕ್ತಗಳನ್ನು ಕಾವಿಮಣ್ಣು ಮತ್ತು ವಿನೆಗರ್ ಜೊತೆ ಅರೆದು ಚಿತ್ರ ಬರೆಯುತ್ತಾರೆ. ಮತ್ತೆ ಆವಿಗೆಗೆ ಇಡುತ್ತಾರೆ. ಈ ಬಾರಿ ಶಾಖ ಸುಮಾರು 600 ಡಿಗ್ರಿ ಸೆಲ್ಸಿಯಸ್ ಸಾಕು. ಆದರೆ ಗಾಳಿ ಒಳಹೋಗದಂತೆ ತಡೆದು ಹೊಗೆ ತುಂಬಿಸಬೇಕು. ಬೆಳ್ಳಿ, ತಾಮ್ರದ ಅಂಶಗಳು ಲೇಪದೊಳಕ್ಕೆ ಇಳಿಯುತ್ತವೆ. ಆಮ್ಲಜನಕಕ್ಕಾಗಿ ಹಸಿದ ಹೊಗೆ ಅವುಗಳಿಂದ ಆಮ್ಲಜನಕವನ್ನು ಕಿತ್ತುಕೊಳ್ಳುತ್ತದೆ. ಉಳಿಯುವುದು ಶುದ್ಧ ಲೋಹದ ಅತಿ ಸೂಕ್ಷ್ಮ ಕಣಗಳು. ತೆಗೆದಾಗ ಪಾತ್ರೆ ಮಸಿ ಹಿಡಿದಂತೆ ಕಾಣುತ್ತದೆ. ಮೇಲಿನ ಮಣ್ಣನ್ನು ಉಜ್ಜಿದರೆ ಹೊಳಪು ಹೊರಬರುತ್ತದೆ. ಹೊಗೆ ಕಡಿಮೆಯಾದರೆ ಬಣ್ಣ ಏಳದು, ಶಾಖ ಹೆಚ್ಚಾದರೆ ಚಿತ್ರವೇ ಕೆಡುತ್ತದೆ. ಥರ್ಮಾಮೀಟರ್ ಇಲ್ಲದ ಕಾಲದಲ್ಲಿ ಇದೆಲ್ಲ ಕಣ್ಣಂದಾಜಿನ ಕೆಲಸ.

ಎಲೆಕ್ಟ್ರಾನ್ ಸೂಕ್ಷ್ಮದರ್ಶಕಗಳು ಈಚಿನ ದಶಕಗಳಲ್ಲಿ ಈ ಪದರವನ್ನು ತೋರಿಸಿವೆ. ಅದು ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತ ತೆಳು. ಅದರಲ್ಲಿರುವ ಕಣಗಳನ್ನು ನ್ಯಾನೊಮೀಟರುಗಳಲ್ಲಿ ಅಳೆಯಬೇಕು. ನ್ಯಾನೊ ತಂತ್ರಜ್ಞಾನ ಎಂಬ ಮಾತು ಹುಟ್ಟುವ ಸಾವಿರ ವರ್ಷ ಮೊದಲೇ ಬಸ್ರಾದ ಕುಂಬಾರರು ಅದರ ಫಲವನ್ನು ಕೈಯಲ್ಲಿ ಹಿಡಿದಿದ್ದರು. ಕಾರಣ ಮಾತ್ರ ಅವರಿಗೆ ಗೊತ್ತಿರಲಿಲ್ಲ.

ಇಸ್ಲಾಮಿನಲ್ಲಿ ಚಿನ್ನ, ಬೆಳ್ಳಿಯ ಪಾತ್ರೆಗಳಲ್ಲಿ ಉಣ್ಣುವುದಕ್ಕೆ ನಿಷೇಧವಿದ್ದುದರಿಂದ ಈ ಕಲೆ ಹುಟ್ಟಿತು ಎಂಬ ವಿವರಣೆ ಜನಪ್ರಿಯ. ಅದು ಪೂರ್ಣ ಸತ್ಯವಲ್ಲ. ನಿಷೇಧವಿದ್ದರೂ ಅರಮನೆಗಳಲ್ಲಿ ಚಿನ್ನದ ಪಾತ್ರೆಗಳಿದ್ದವು. ಚಿನ್ನ ಕೊಳ್ಳಲಾಗದ, ಆದರೆ ಅಂದದ ವಸ್ತು ಬಯಸುವ ಪಟ್ಟಣಿಗರೂ ಲಸ್ಟರ್ ಪಾತ್ರೆಗಳ ಗಿರಾಕಿಗಳಾಗಿದ್ದರು.

ಇದೇ ಹೊತ್ತಿಗೆ ಪಂಡಿತರಲ್ಲೂ ಒಂದು ವಾದ ನಡೆದಿತ್ತು. ವೈದ್ಯ, ದಾರ್ಶನಿಕ ಇಬ್ನ್ ಸಿನಾ (980-1037) ಲೋಹಾಂತರವನ್ನು ಒಪ್ಪಲಿಲ್ಲ. ಮನುಷ್ಯ ಲೋಹಕ್ಕೆ ಬಣ್ಣ ಕಟ್ಟಬಹುದು, ಅದರ ಜಾತಿಯನ್ನು ಬದಲಿಸಲಾರ ಎಂಬುದು ಆತನ ನಿಲುವು. ರಸವಾದಿಗೆ ಇದು ಸೋಲು. ಕುಂಬಾರನಿಗೆ ಸೋಲಿನ ಮಾತೇ ಇಲ್ಲ. ಆತ ಬಣ್ಣವನ್ನು ಬಣ್ಣವೆಂದೇ ಮಾರುತ್ತಿದ್ದ.

ಆದರೆ ಈ ವಿದ್ಯೆಗೆ ಗುಟ್ಟಿನ ಕಾಯಿಲೆ ಇತ್ತು. ಇರಾಕ್‌ನಿಂದ ಈಜಿಪ್ಟ್, ಸಿರಿಯಾ, ಇರಾನ್, ಸ್ಪೇನ್‌ಗಳಿಗೆ ಹರಡಿದರೂ ಅದು ಕೆಲವೇ ಮನೆತನಗಳ ಕೈಯಲ್ಲಿತ್ತು. ಇರಾನಿನ ಕಾಶಾನ್‌ನಲ್ಲಿ ಅಬು ತಾಹಿರ್ ಮನೆತನ ನಾಲ್ಕು ತಲೆಮಾರು ಇದನ್ನು ನಡೆಸಿತು. ಆ ಮನೆಯ ಅಬುಲ್ ಖಾಸಿಂ ಆವಿಗೆ ಬಿಟ್ಟು ಮಂಗೋಲ್ ದೊರೆಗಳ ಆಸ್ಥಾನದಲ್ಲಿ ಇತಿಹಾಸಕಾರನಾದ. 1301ರಲ್ಲಿ ರತ್ನಗಳು ಮತ್ತು ಸುಗಂಧಗಳ ಬಗ್ಗೆ ಬರೆದ ಪುಸ್ತಕಕ್ಕೆ ತನ್ನವರ ಕಸುಬಿನ ಅಧ್ಯಾಯವನ್ನೂ ಸೇರಿಸಿದ. ಪಾತ್ರೆಯ ಮೈಗೆ 10 ಪಾಲು ಬೆಣಚುಕಲ್ಲಿನ ಪುಡಿ, 1 ಪಾಲು ಗಾಜಿನ ಪುಡಿ, 1 ಪಾಲು ಬಿಳಿ ಜೇಡಿ ಎಂದು ಲೆಕ್ಕ ಕೊಟ್ಟ. ಲಸ್ಟರ್ ಆವಿಗೆಗೆ ಮೂರು ದಿನ ಹೊಗೆಯಾಡಿಸಬೇಕೆಂದೂ ಬರೆದ. ಇಂದು ಸಂಶೋಧಕರು ಮೊದಲು ತೆರೆಯುವುದು ಈ ಪುಟಗಳನ್ನೇ.

ಕಾಶಾನ್ ಹೆಸರು ನಮ್ಮ ನಾಡಿನವರೆಗೂ ಬಂದಿದೆ. ಪರ್ಷಿಯನ್ ಭಾಷೆಯಲ್ಲಿ ಬಣ್ಣದ ಲೇಪದ ಹೆಂಚಿಗೆ ಆ ಊರಿನಿಂದಲೇ ‘ಕಾಶಿ’ ಎಂಬ ಹೆಸರು. ಇರಾನಿನ ಗೀಲಾನ್ ಪ್ರಾಂತದಿಂದ ಬಂದ ಬಹಮನಿ ಮಂತ್ರಿ ಮಹಮೂದ್ ಗವಾನ್ 1472ರಲ್ಲಿ ಬೀದರ್‌ನಲ್ಲಿ ಕಟ್ಟಿಸಿದ ಮದರಸದ ಗೋಡೆಯಲ್ಲಿ ಇಂಥ ಹೆಂಚುಗಳು ಅಷ್ಟಿಷ್ಟು ಉಳಿದಿವೆ. ಅವು ಲಸ್ಟರ್ ಅಲ್ಲ, ಆದರೆ ಅದೇ ಪರಂಪರೆಯವು. ಬೀದರ್‌ನ ಬಿದರಿ ಕಲೆಯಲ್ಲಿ ಸತುವು ಹೆಚ್ಚಾಗಿರುವ ಲೋಹವನ್ನು ಕಪ್ಪಾಗಿಸಲು ಕೋಟೆಯ ಮಣ್ಣಿನ ಜೊತೆ ಬೆರೆಸುವುದೂ ರಾಝಿಯ ಪಟ್ಟಿಯಲ್ಲಿದ್ದ ನವಸಾಗರವನ್ನೇ.

ಲಸ್ಟರ್ ಕಲೆ ಹಲವು ಕಡೆ ನಿಂತುಹೋಯಿತು. ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನಲ್ಲಿ ವಿಲಿಯಂ ಡಿ ಮಾರ್ಗನ್ (1839-1917) ಪ್ರಯೋಗಗಳ ಮೇಲೆ ಪ್ರಯೋಗ ಮಾಡಿ ಅದನ್ನು ಮತ್ತೆ ಕಂಡುಕೊಳ್ಳಬೇಕಾಯಿತು. ಕುಂಬಾರನ ಮಗನೊಬ್ಬ ಲೇಖನಿ ಹಿಡಿಯದಿದ್ದರೆ ಆ ಹೊಗೆಯ ಲೆಕ್ಕವೂ ನಮಗೆ ಸಿಗುತ್ತಿರಲಿಲ್ಲ. ಕೈಕಸುಬಿನವರು ತಮ್ಮ ಕೆಲಸವನ್ನು ತಾವೇ ಬರೆದಿಟ್ಟ ಪುಸ್ತಕಗಳು ನಮ್ಮಲ್ಲೂ ಎಷ್ಟಿವೆ ಎಂದು ಕೇಳಿಕೊಳ್ಳಬೇಕಾಗಿದೆ.