ಅರಳು ಮರಳೆಂದು ಬಿಡದಿರಿ

'ಅರವತ್ತಕ್ಕೆ ಅರಳು ಮರಳು' ಎಂಬುದು ಹಿರಿಯರ ಮಾತು. ಸೊಲ್ಲಾಪುರದ ಕಾಲೇಜಿನಲ್ಲಿ ಕನ್ನಡ ಕಲಿಸಿದ ವರಕವಿ ಬೇಂದ್ರೆಯವರ 'ಅರಳು ಮರಳು' ಕೃತಿಗೆ 1958ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಅವರಿಗೆ ಅರವತ್ತು ದಾಟಿತ್ತು! ಬುದ್ಧಿ ಮಂಕಾಗುವುದು ಮುಪ್ಪಿನ ಧರ್ಮವಲ್ಲ, ಅದು ರೋಗ. 1906ರಲ್ಲಿ ಜರ್ಮನಿಯ ವೈದ್ಯ ಆಲ್ಝೈಮರ್ ಅಂಥದೊಂದನ್ನು ವಿವರಿಸಿದರು.

ಈ ರೋಗದಲ್ಲಿ ಮೊದಲು ಮರೆಯುವುದು ಇಂದಿನ ಊಟ. ಮದುವೆಯ ಊಟ ನೆನಪಿರುತ್ತದೆ. ಮುಂದೆ ಲೆಕ್ಕ, ದಾರಿ ತಪ್ಪುತ್ತವೆ; ಮಕ್ಕಳ ಗುರುತೂ ಹೋಗುತ್ತದೆ. ವರ್ಷಗಳು ಕಳೆದಂತೆ ನಡೆಯುವ, ನುಂಗುವ ಶಕ್ತಿಯೂ ಉಡುಗುತ್ತದೆ. ಪೂರ್ಣ ಗುಣಪಡಿಸುವ ಮದ್ದಿಲ್ಲ. ಆದರೆ ಥೈರಾಯ್ಡ್ ದೋಷ, ಬಿ-12 ಜೀವಸತ್ವದ ಕೊರತೆಯಿಂದಲೂ ಮರೆವು ಬರುವುದುಂಟು, ಅವಕ್ಕೆ ಚಿಕಿತ್ಸೆಯಿದೆ. ಆದುದರಿಂದ ಅಜ್ಜಿ ಕೇಳಿದ್ದನ್ನೇ ಕೇಳಿದರೆ ಗದರದಿರಿ, ವೈದ್ಯರಲ್ಲಿಗೆ ಕರೆದೊಯ್ಯಿರಿ.