ಆಧಾರವಿಟ್ಟು ವಿಶ್ರಮಿಸುವ ಯೋಗ

ಲೋಕಲ್ ಗಾಡಿಯಲ್ಲಿ ಹೋಗಿ ಬರುವುದರಲ್ಲಿಯೇ ದಿನಕ್ಕೆ ಎರಡು ಮೂರು ತಾಸು ಕಳೆಯುವ ನಮ್ಮವರು, ಮನೆಗೆ ಮರಳಿ ಟಿ.ವಿ.ಯ ಮುಂದೆ ಒರಗುವುದನ್ನೇ ವಿಶ್ರಾಂತಿಯೆಂದು ಬಗೆಯುತ್ತಾರೆ. ಆಗಲೂ ಹೆಗಲು ಸೆಟೆದಿರುತ್ತದೆ, ದವಡೆ ಬಿಗಿದಿರುತ್ತದೆ. ಇಂತಹ ದೇಹಕ್ಕೆ ಇನ್ನಷ್ಟು ಕಸರತ್ತು ವಿಧಿಸುವುದಕ್ಕಿಂತ ಸುಮ್ಮನಿರುವುದನ್ನು ಕಲಿಸುವುದು ಮೇಲು.

ಶವಾಸನವು ಆಯಾಸವನ್ನು ಕಳೆದು ಚಿತ್ತಕ್ಕೆ ವಿಶ್ರಾಂತಿ ನೀಡುವುದೆಂಬ ಮಾತು ಹಠಯೋಗಪ್ರದೀಪಿಕೆಯಲ್ಲಿಯೇ ಇದೆ. ಆದರೆ ಸೊಂಟ ನೋವಿನವರಿಗೆ, ವಯಸ್ಸಾದವರಿಗೆ ಬರಿಯ ನೆಲದ ಮೇಲೆ ಹತ್ತು ನಿಮಿಷ ಮಲಗುವುದೂ ಕಷ್ಟ. ಇದಕ್ಕೆ ದಾರಿ ತೋರಿದವರು ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಜನಿಸಿ, 1937ರಲ್ಲಿ ಪುಣೆಗೆ ಬಂದು, 2014ರಲ್ಲಿ ಕಾಲವಾಗುವವರೆಗೂ ಅಲ್ಲಿಯೇ ನೆಲೆಸಿದ್ದ ಯೋಗಾಚಾರ್ಯ ಬಿ.ಕೆ.ಎಸ್. ಅಯ್ಯಂಗಾರರು. ದಿಂಬು, ಕಂಬಳಿ, ಕುರ್ಚಿ, ಹಗ್ಗಗಳನ್ನು ಅವರು ಆಸನಕ್ಕೆ ಆಧಾರವಾಗಿ ಬಳಸಿದರು. ಅವರಲ್ಲಿ ಕಲಿತ ಜೂಡಿತ್ ಲ್ಯಾಸೆಟರ್ 1995ರಲ್ಲಿ ಪುಸ್ತಕ ಬರೆದ ಮೇಲೆ ಇದು ಅಮೆರಿಕದಲ್ಲಿ ‘ರೆಸ್ಟೋರೇಟಿವ್ ಯೋಗ’ವೆಂದು ಹೆಸರಾಯಿತು. ನಮ್ಮ ಕಂಬಳಿ ಅಲ್ಲಿಯವರೆಗೂ ಹೋಗಿ ಬಂದ ಮೇಲೆ ನಮಗೆ ಹೊಸದಾಗಿ ಕಾಣುತ್ತಿದೆಯಷ್ಟೆ!

ಇದರ ತತ್ತ್ವ ಸರಳ. ಅಂಗಾಂಗಗಳ ಭಾರವನ್ನು ದಿಂಬು ಹೊತ್ತರೆ ಸ್ನಾಯುಗಳಿಗೆ ಕೆಲಸವಿರುವುದಿಲ್ಲ. ಉಸಿರು ತಾನಾಗಿ ನಿಧಾನವಾಗುತ್ತದೆ. ಇದಕ್ಕೆ ಒಂದೇ ಕೋಣೆಯ ಮನೆಯೂ ಸಾಕು. ಹಾಸಿಗೆಯೊಂದನ್ನು ಬಿಗಿಯಾಗಿ ಸುತ್ತಿ ಉದ್ದಕ್ಕೆ ಇಟ್ಟು, ಸೊಂಟದಿಂದ ಮೇಲ್ಭಾಗವನ್ನು ಅದರ ಮೇಲೆ ಒರಗಿಸಿ ಮಲಗಿರಿ. ಕುಳಿತ ಭಾಗ ನೆಲದ ಮೇಲೆಯೇ ಇರಲಿ. ತಲೆ ಎದೆಗಿಂತ ಸ್ವಲ್ಪ ಎತ್ತರದಲ್ಲಿರುವಂತೆ ದಿಂಬಿಡಿ. ಅಂಗಾಲುಗಳನ್ನು ಜೋಡಿಸಿ, ಎರಡೂ ಮೊಣಕಾಲುಗಳ ಕೆಳಗೆ ಮಡಿಸಿದ ಕಂಬಳಿ ಕೊಡಿರಿ. ಇದು ಆಧಾರಸಹಿತ ಸುಪ್ತಬದ್ಧಕೋಣಾಸನ. ಎಲ್ಲಿಯಾದರೂ ಎಳೆತವೆನಿಸಿದರೆ ಆಧಾರ ಸಾಲದೆಂದು ತಿಳಿದು ಇನ್ನೊಂದು ಕಂಬಳಿ ಸೇರಿಸಬೇಕು. ಸಹಿಸಿಕೊಳ್ಳುವುದು ಇಲ್ಲಿ ಸಲ್ಲದು. ಮೊದಲಿಗೆ ಐದು ನಿಮಿಷ ಸಾಕು. ಮೈ ತಣ್ಣಗಾಗುವುದರಿಂದ ಹೊದಿಕೆಯೂ ಇರಲಿ. ದಿನವೆಲ್ಲ ನಿಂತು ಕೆಲಸ ಮಾಡುವವರು ಕಾಲುಗಳನ್ನು ಗೋಡೆಗೆ ಒರಗಿಸಿಯೂ ಮಲಗಬಹುದು. ಗ್ಲಾಕೋಮಾ, ಹೃದ್ರೋಗ ಉಳ್ಳವರೂ ಗರ್ಭಿಣಿಯರೂ ವೈದ್ಯರನ್ನು ಕೇಳದೆ ಇದನ್ನು ಮಾಡಬಾರದು.

ಮುಂಬಯಿಯಲ್ಲಿ ಡಾ. ಕೆ.ಕೆ. ದಾತೆ ಮತ್ತು ಸಹೋದ್ಯೋಗಿಗಳು ರಕ್ತದೊತ್ತಡದ 47 ರೋಗಿಗಳಿಗೆ ಶವಾಸನ ಕಲಿಸಿ, ಹಲವರಲ್ಲಿ ಒತ್ತಡ ಇಳಿದುದನ್ನು 1969ರಲ್ಲಿ ಪ್ರಕಟಿಸಿದರು. ಆಶಾದಾಯಕವೇ, ಆದರೆ 47 ಚಿಕ್ಕ ಸಂಖ್ಯೆ. ‘ಯೋಗ ಮಾಡುತ್ತೇನಲ್ಲ’ ಎಂದು ಗುಳಿಗೆ ನಿಲ್ಲಿಸುವವರು ನಮ್ಮಲ್ಲಿ ಉಂಟು. ಗುಳಿಗೆ ತಗ್ಗಿಸುವ ಅಧಿಕಾರ ವೈದ್ಯರದು. ಸ್ವಂತ ತೀರ್ಮಾನದಿಂದ ಪಾರ್ಶ್ವವಾಯುವಿಗೆ ಎಡೆಗೊಡಬಾರದು.

ಮುಗಿಸಿ ಏಳುವಾಗ ಮಗ್ಗುಲಿಗೆ ಹೊರಳಿ, ಕ್ಷಣಕಾಲ ಹಾಗೆಯೇ ಇದ್ದು, ಕೈಯೂರಿ ಎದ್ದು ಕುಳಿತುಕೊಳ್ಳಿರಿ. ದೀಪ ಹಾಕುವುದು ಅನಂತರವಾಗಲಿ.