ಬಂಕಿನ ಪೆಟ್ರೋಲು ಹುಟ್ಟುವ ಊರು ಟೂರಿನ ಪಟ್ಟಿಯಲ್ಲೇ ಇಲ್ಲ!

ಬೊಮ್ಮನಹಳ್ಳಿ: ಹೊಸೂರು ರಸ್ತೆಯ ಬಂಕಿನಲ್ಲಿ ಪೆಟ್ರೋಲು ತುಂಬಿಸಿಕೊಂಡು, ಅದರಲ್ಲಿ ಅರ್ಧವನ್ನು ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲೇ ಸುಡುವ ಸ್ಕೂಟರ್ ಸವಾರನನ್ನು 'ಇದು ಎಲ್ಲಿಂದ ಬರುತ್ತಪ್ಪಾ?' ಅಂತ ಕೇಳಿದರೆ 'ಇನ್ನೆಲ್ಲಿ, ದುಬೈಯಿಂದ' ಅಂತಾನೆ. ಕಚ್ಚಾ ಎಣ್ಣೆಯ ಮಟ್ಟಿಗೆ ಆ ಮಾತು ತೀರಾ ಸುಳ್ಳೇನಲ್ಲ. ಆದರೆ ಕಪ್ಪು ಎಣ್ಣೆ ಕಾದು, ಬೇರೆಯಾಗಿ, ಪೆಟ್ರೋಲು ಡೀಸೆಲ್ಲು ಎಂಬ ಹೆಸರು ಪಡೆಯುವುದು ಮಂಗಳೂರಿನಲ್ಲಿ. ಅಲ್ಲಿಂದ 360 ಕಿ.ಮೀ.ಗೂ ಉದ್ದದ ಪೈಪು ನೆಲದಡಿಯಲ್ಲಿ ಘಟ್ಟ ಹತ್ತಿ, ಹಾಸನ ಹಾದು, ಹೊಸಕೋಟೆ ತಾಲೂಕಿನ ದೇವನಗೊಂದಿಗೆ ಬಂದು ಸೇರುತ್ತದೆ. 2003ರಿಂದ ಹರಿಯುತ್ತಿರುವ ಪೈಪು ಇದು. ದೇವನಗೊಂದಿಯಿಂದ ಬಂಕಿಗೆ ಲಾರಿ. ಬೆಂಗಳೂರಿನ ಇಂಧನವೆಲ್ಲ ಅಲ್ಲಿಂದಲೇ ಬರುವುದಿಲ್ಲ, ಚೆನ್ನೈ ಕಡೆಯಿಂದಲೂ ಬರುತ್ತದೆ. ಆದರೂ ಮಂಗಳೂರಿನ ಋಣ ದೊಡ್ಡದು.

ಈ ಭಾಗದ ಜನಕ್ಕೆ ಮಂಗಳೂರು ಹೊಸದೇನೂ ಅಲ್ಲ. ರಸ್ತೆಗೊಂದು ಬೇಕರಿ, ಮೂಲೆಗೊಂದು ಹೋಟೆಲು ಇಟ್ಟವರಲ್ಲಿ ಎಷ್ಟೋ ಮಂದಿ ಕರಾವಳಿಯವರೇ. ಎರಡು ದಿನ ರಜೆ ಸಿಕ್ಕರೆ ಟಿಟಿ ಗೊತ್ತು ಮಾಡಿ ಧರ್ಮಸ್ಥಳ, ಸುಬ್ರಹ್ಮಣ್ಯ ಮುಗಿಸಿ, 'ಉಳಿದ ಅರ್ಧ ದಿನ ಮಂಗಳೂರು ನೋಡಿಬಿಡೋಣ' ಅನ್ನುವವರೂ ಕಡಿಮೆಯಿಲ್ಲ. ಆ ಅರ್ಧ ದಿನದಲ್ಲಿ ಅವರಿಗೆ ತೋರಿಸುವುದೇನು, ಬಿಡುವುದೇನು? ವಿಚಾರ ಇರುವುದು ಇಲ್ಲೇ.

ಪಟ್ಟಿ ಯಾವಾಗಲೂ ಒಂದೇ

ಗೈಡುಗಳ ಪಟ್ಟಿ ಬಾಯಿಪಾಠವಾಗಿಬಿಟ್ಟಿದೆ. ಮೊದಲು ಕದ್ರಿ ಮಂಜುನಾಥ. ಅಲ್ಲಿನ ಲೋಕೇಶ್ವರನ ಕಂಚಿನ ಮೂರ್ತಿಗೆ ಸಾವಿರ ವರ್ಷ ಮೀರಿದೆ. ಪೀಠದ ಶಾಸನ ಕ್ರಿ.ಶ. 968ರದು, ಆಳುಪ ರಾಜ ಕುಂದವರ್ಮನ ಕಾಲದ್ದು. ಆಮೇಲೆ ಬಾವುಟಗುಡ್ಡದ ಸಂತ ಅಲೋಶಿಯಸ್ ಚಾಪೆಲ್. ಇಟಲಿಯಿಂದ ಬಂದ ಆಂಟೋನಿಯೊ ಮೊಸ್ಕೆನಿ ಅಲ್ಲಿನ ಗೋಡೆ ಚಾವಣಿ ತುಂಬ ಬರೆದ ಚಿತ್ರ ನೋಡುತ್ತ ನಿಂತರೆ ಕತ್ತು ನೋವು ಗ್ಯಾರಂಟಿ. ಮುಂದೆ 1912ರಲ್ಲಿ ನಾರಾಯಣ ಗುರುಗಳು ಪ್ರತಿಷ್ಠೆ ಮಾಡಿದ ಕುದ್ರೋಳಿ ಗೋಕರ್ಣನಾಥ. ಬೋಳೂರಿನಲ್ಲಿ ಟಿಪ್ಪು ಕಟ್ಟಿಸಿದ ಕರಿಕಲ್ಲಿನ ಸುಲ್ತಾನ್ ಬತ್ತೇರಿ. ಕೊನೆಗೆ ಕಡಲ ಗಾಳಿ, ಒಂದು ಪ್ಲೇಟು ಗೋಳಿಬಜೆ, ಒಂದು ಗ್ಲಾಸು ಗಡ್‌ಬಡ್ ಐಸ್‌ಕ್ರೀಮು. ಟೂರು ಖಲಾಸ್.

ಪಣಂಬೂರಿನ ಬಂದರಿಗೆ ಬರುವ ಪ್ರವಾಸಿ ಹಡಗಿನ ವಿದೇಶಿಯರಿಗೂ ಹೆಚ್ಚುಕಡಿಮೆ ಇದೇ ಊಟ. ಯಕ್ಷಗಾನ ವೇಷದವರ ಸ್ವಾಗತ, ಹವಾನಿಯಂತ್ರಿತ ಬಸ್ಸು, ದೇವಸ್ಥಾನ, ಚಾಪೆಲ್, ಗೋಡಂಬಿ ಕಾರ್ಖಾನೆ, ಮಾರುಕಟ್ಟೆ. ಸಂಜೆಯೊಳಗೆ ಮತ್ತೆ ಹಡಗು. ತಮಾಷೆಯೆಂದರೆ, ಅವರು ಕಾಲಿಟ್ಟ ಬಂದರೇ ದೇಶದ ದೊಡ್ಡ ಎಣ್ಣೆ ಬಂದರುಗಳಲ್ಲಿ ಒಂದು! ಆ ಮಾತು ಮಾತ್ರ ಗೈಡಿನ ಬಾಯಲ್ಲಿ ಬರೋದು ಅಪರೂಪ.

ಕುಳೂರು ಸೇತುವೆ ದಾಟಿದ ಮೇಲೆ

ಎಣ್ಣೆಯ ಊರು ನೋಡಲು ಟಿಟಿಯೇ ಬೇಕಿಲ್ಲ. ಸ್ಟೇಟ್‌ಬ್ಯಾಂಕ್ ಬಳಿ ಸುರತ್ಕಲ್ ಕಡೆಯ ಸಿಟಿ ಬಸ್ಸು ಹತ್ತಿ ಎಡಗಡೆ ಕಿಟಕಿ ಹಿಡಿದರೆ ಸಾಕು. ಕುಳೂರಿನಲ್ಲಿ ಫಲ್ಗುಣಿ ನದಿ ದಾಟಿದ ಕೂಡಲೇ ಊರಿನ ಚಹರೆಯೇ ಬೇರೆ. 1976ರಲ್ಲಿ ಉತ್ಪಾದನೆ ಶುರು ಮಾಡಿದ ರಸಗೊಬ್ಬರ ಕಾರ್ಖಾನೆ, ಕುದುರೆಮುಖದ ಅದಿರಿಗಾಗಿ ಕಟ್ಟಿದ ಉಂಡೆ ಕಾರ್ಖಾನೆ (ಗಣಿ 2005ರ ಕೊನೆಗೆ ನಿಂತಿತು), ಆಮೇಲೆ ಬಂದರಿನ ಗೇಟು. 1974ರಲ್ಲಿ ದೇಶದ ಒಂಬತ್ತನೇ ಪ್ರಮುಖ ಬಂದರು ಎನಿಸಿಕೊಂಡ ನವಮಂಗಳೂರು ಬಂದರನ್ನು 1975ರ ಜನವರಿಯಲ್ಲಿ ಇಂದಿರಾ ಗಾಂಧಿ ಉದ್ಘಾಟಿಸಿದ್ದರು.

ಭಾರೀ ಗಾತ್ರದ ಎಣ್ಣೆ ಹಡಗುಗಳು ಈ ಬಂದರಿನೊಳಗೆ ಬರುವಂತಿಲ್ಲ, ನೀರಿನ ಆಳ ಸಾಲದು. ಅವಕ್ಕೆಂದೇ 2013ರಿಂದ ದಡದಾಚೆ ಸುಮಾರು 16 ಕಿ.ಮೀ. ದೂರದ ಕಡಲಲ್ಲಿ ತೇಲುವ ಕೊಂಡಿಯೊಂದಿದೆ. ಹಡಗು ಅಲ್ಲೇ ನಿಂತು ಕೊಳವೆ ಕೊಟ್ಟರೆ ಎಣ್ಣೆ ಸಮುದ್ರದಡಿಯಲ್ಲೇ ದಡಕ್ಕೆ ಹರಿದುಬರುತ್ತದೆ.

ಸುರತ್ಕಲ್‌ನಿಂದ ಒಳಗೆ ಹೋದರೆ ಕುತ್ತೆತ್ತೂರಿನಲ್ಲಿ ಎಂ.ಆರ್.ಪಿ.ಎಲ್. ಸಂಸ್ಥೆ ಹುಟ್ಟಿದ್ದು 1988ರಲ್ಲಿ, ಎಚ್.ಪಿ.ಸಿ.ಎಲ್. ಮತ್ತು ಬಿರ್ಲಾ ಬಳಗದ ಪಾಲುದಾರಿಕೆಯಲ್ಲಿ. ಕಾರ್ಖಾನೆ ಓಡಿದ್ದು 1996ರಲ್ಲಿ. 2003ರಲ್ಲಿ ಬಿರ್ಲಾ ಪಾಲನ್ನು ಒ.ಎನ್.ಜಿ.ಸಿ. ಕೊಂಡಿತು. ಈಗಿನ ಸಾಮರ್ಥ್ಯ ವರ್ಷಕ್ಕೆ ಒಂದೂವರೆ ಕೋಟಿ ಟನ್. ಕೆಲಸದ ಗುಟ್ಟು ಅಡುಗೆಮನೆಯವರಿಗೂ ಗೊತ್ತಾಗುವಂಥದ್ದು. ಎಣ್ಣೆಯನ್ನು ಮುನ್ನೂರೈವತ್ತು ಡಿಗ್ರಿ ಆಸುಪಾಸಿಗೆ ಕಾಯಿಸಿ ಎತ್ತರದ ಗೋಪುರಕ್ಕೆ ಬಿಟ್ಟರೆ ಆವಿ ಮೇಲೇರುತ್ತ ತಣ್ಣಗಾಗುತ್ತದೆ. ತುದಿಯಲ್ಲಿ ಗ್ಯಾಸು, ಅದರ ಕೆಳಗೆ ಪೆಟ್ರೋಲಿನ ಅಂಶ, ಆಮೇಲೆ ಸೀಮೆಎಣ್ಣೆ, ಡೀಸೆಲ್ಲು, ತಳದಲ್ಲಿ ರಸ್ತೆಗೆ ಬೇಕಾದ ಟಾರು. ದೂರಕ್ಕೆ ಕಾಣುವ ಬೆಂಕಿ ಕೊಳವೆ ನೋಡಿ ಹೆದರಬೇಕಿಲ್ಲ. ಹೆಚ್ಚಾದ ಗ್ಯಾಸನ್ನು ಸುಡುವ ಸುರಕ್ಷತೆಯ ಕಿಂಡಿ ಅದು.

ಕಣ್ಣಿಗೆ ಕಾಣದ್ದು ಇನ್ನೊಂದಿದೆ. ಪೆರ್ಮುದೆ ಕಡೆ ಬಂಡೆ ಕೊರೆದು ಮಾಡಿದ ಗುಹೆಗಳಲ್ಲಿ 15 ಲಕ್ಷ ಟನ್ ಕಚ್ಚಾ ಎಣ್ಣೆ ಹಿಡಿಯುತ್ತದೆ. ಸುತ್ತಲಿನ ಬಂಡೆಯೊಳಗಿನ ನೀರಿನ ಒತ್ತಡವೇ ಎಣ್ಣೆಗೆ ಬೀಗ. ಇದೂ, ಉಡುಪಿ ಜಿಲ್ಲೆಯ ಪಾದೂರು, ಆಂಧ್ರದ ವಿಶಾಖಪಟ್ಟಣದ ಗುಹೆಗಳೂ ಸೇರಿ ತುಂಬಿದ್ದರೆ ಸರ್ಕಾರದ ಲೆಕ್ಕದಲ್ಲಿ ದೇಶಕ್ಕೆ ಒಂಬತ್ತೂವರೆ ದಿನದ ಎಣ್ಣೆ. ಅಬುಧಾಬಿ ಕಂಪನಿಯ ಮೊದಲ ಎಣ್ಣೆ ಮಂಗಳೂರಿನ ಗುಹೆಗೆ ಇಳಿದದ್ದು 2018ರಲ್ಲಿ.

ಜಾಗ ಬಿಟ್ಟವರು

ಇಷ್ಟೆಲ್ಲ ಖಾಲಿ ಬಯಲಿನಲ್ಲಿ ಎದ್ದು ನಿಂತದ್ದಲ್ಲ. 1960ರ ದಶಕದಲ್ಲಿ ಬಂದರಿಗಾಗಿ ಪಣಂಬೂರು, ಬೈಕಂಪಾಡಿ ಕಡೆಯ ಸಂಸಾರಗಳು ಮನೆ, ಗದ್ದೆ, ತೆಂಗು ಬಿಟ್ಟು ಕಾಟಿಪಳ್ಳ, ಕೃಷ್ಣಾಪುರದ ಗುಡ್ಡ ಹತ್ತಿದವು. ಆಮೇಲೆ ಕಾರ್ಖಾನೆ, ವಿಶೇಷ ವಲಯ ಅಂತ ಕುತ್ತೆತ್ತೂರು, ಕಳವಾರು, ಪೆರ್ಮುದೆಯವರ ಸರದಿ. ಜೋಕಟ್ಟೆಯ ಜನ ಕೋಕ್ ಮತ್ತು ಗಂಧಕ ಘಟಕದ ಧೂಳು, ವಾಸನೆ ತಾಳಲಾರದೆ ವರ್ಷಗಟ್ಟಲೆ ಬೀದಿಗಿಳಿದರು. ಊರಿಗೂ ಕಾರ್ಖಾನೆಗೂ ನಡುವೆ ಹಸಿರು ಪಟ್ಟಿ ಆಗಬೇಕೆಂದು 2016ರಲ್ಲಿ ಸರ್ಕಾರದ ಆದೇಶ ಬಂದದ್ದು ಆ ಹೋರಾಟದಿಂದ. 2025ರ ಜುಲೈನಲ್ಲಿ ಕಾರ್ಖಾನೆಯ ಇಬ್ಬರು ನೌಕರರು ಕೆಲಸದ ವೇಳೆಯಲ್ಲೇ ವಿಷಾನಿಲಕ್ಕೆ ಬಲಿಯಾದರು.

ನೀರಿನ ಕಥೆಯೂ ಇದೆ. 2019ರ ಬೇಸಿಗೆಯಲ್ಲಿ ನೇತ್ರಾವತಿ ಬತ್ತಿ ಕಾರ್ಖಾನೆಯ ಕೆಲವು ಘಟಕ ನಿಲ್ಲಿಸಬೇಕಾಯಿತು. ಅದಾದ ಮೇಲೆ ತಣ್ಣೀರುಬಾವಿಯಲ್ಲಿ ಸಮುದ್ರದ ನೀರನ್ನು ಸಿಹಿ ಮಾಡುವ ಘಟಕ ಬಂತು. ದಿನಕ್ಕೆ ಮೂರು ಕೋಟಿ ಲೀಟರ್ ಸಾಮರ್ಥ್ಯ. ಕೊಡಕ್ಕಾಗಿ ಟ್ಯಾಂಕರ್ ಕಾಯುವ ಬೊಮ್ಮನಹಳ್ಳಿಯ ಹೆಂಗಸರಿಗೆ ಈ ಕಷ್ಟ ಬಿಡಿಸಿ ಹೇಳಬೇಕಿಲ್ಲ.

ಅರ್ಧ ದಿನ ಸಾಕು

ರಾತ್ರಿ ಬಸ್ಸಿಗೆ ಹೊರಟರೆ ಬೆಳಿಗ್ಗೆ ಬಿಜೈ ನಿಲ್ದಾಣ. ಹತ್ತಿರದ ಕದ್ರಿ ಮೊದಲು, ನೀರುದೋಸೆ ತಿಂದು ಚಾಪೆಲ್, ಆಮೇಲೆ ಕುದ್ರೋಳಿ, ಬತ್ತೇರಿ. ಇಷ್ಟರಲ್ಲಿ ಹನ್ನೊಂದು ಗಂಟೆ. ಐಸ್‌ಕ್ರೀಮಿಗೆ ಮುಂಚೆ ಎರಡು ಗಂಟೆ ಎತ್ತಿಟ್ಟರೆ ಪಣಂಬೂರು, ಸುರತ್ಕಲ್, ಕಾಟಿಪಳ್ಳ ಮೂರೂ ಆಗುತ್ತವೆ. ಕಾರ್ಖಾನೆಯೊಳಗೆ ಹೊರಗಿನವರನ್ನು ಸುಮ್ಮಸುಮ್ಮನೆ ಬಿಡುವುದಿಲ್ಲ, ಬಿಡಲೂಬಾರದು. ರಸ್ತೆಯಿಂದ ಕಾಣುವುದೇ ಬೇಕಾದಷ್ಟಿದೆ.

ಬಂದರಿನ ಬಳಿ ಒಂದು ನಕ್ಷೆ, ಒಂದು ಬೋರ್ಡು, ಜಾಗ ಬಿಟ್ಟ ಊರುಗಳ ಹೆಸರು. ಪ್ರವಾಸ ಇಲಾಖೆಗೆ ಇದೇನು ಭಾರದ ಖರ್ಚಲ್ಲ. ಅಲ್ಲಿಯವರೆಗೆ ಟಿಟಿ ಗೊತ್ತು ಮಾಡುವವರೇ ಡ್ರೈವರಿಗೆ ಒಂದು ಮಾತು ಹೇಳಬಹುದು: 'ಬೀಚು ಆಮೇಲೆ ನೋಡೋಣ, ಮೊದಲು ಕಾಟಿಪಳ್ಳದ ಕಡೆ ತಿರುಗಿಸಪ್ಪಾ.'